ಉಕ್ಕಿನ ಜಾತಿ ಕೇಳಬೇಡಿ

ಹೋದ ವಾರವೂ ಒಂದು ಫೋನ್ ಬಂತು. "ಸಾರ್, ಜಪಾನಿನ ಕಮಿಸೊರಿ, ಅದೇ ಮಡಚದ ಕ್ಷೌರದ ಕತ್ತಿ, ತಗೊಳ್ತಾ ಇದ್ದೀನಿ. ಬಿಳಿ ಉಕ್ಕು ಒಳ್ಳೇದಾ, ನೀಲಿ ಉಕ್ಕು ಒಳ್ಳೇದಾ?" ನಾನು ಕೇಳಿದೆ, "ಮಸೆಯೋರು ಯಾರು?" ಆ ಕಡೆ ಸದ್ದಿಲ್ಲ. ಆಮೇಲೆ, "ಹೊಸದು ಸಾರ್, ಮಸೆಯೋದು ಯಾಕೆ?" ಅಂದರು.

ಚಾಕು, ಕತ್ತರಿ, ಕ್ಷೌರದ ಕತ್ತಿ ಮಸೆದೇ ನನ್ನ ಹೊಟ್ಟೆ ಹೊರೆಯುವುದು. ಈ ಮಾತು ಕೇಳಿದಾಗಲೆಲ್ಲ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಬಣ್ಣದ ವಿಷಯ ಮೊದಲು ಮುಗಿಸಿಬಿಡೋಣ. ಬಿಳಿ ಉಕ್ಕು ಬಿಳಿ ಇರುವುದಿಲ್ಲ, ನೀಲಿ ಉಕ್ಕು ನೀಲಿ ಇರುವುದಿಲ್ಲ. ಶಿಮಾನೆ ಪ್ರಾಂತದ ಯಸುಗಿಯಲ್ಲಿ ತಯಾರಾಗುವ ಉಕ್ಕು ಇದು. ಗುರುತಿಗೆ ಸುತ್ತಿದ ಕಾಗದದ ಬಣ್ಣವೇ ಹೆಸರಾಯಿತು. ಶಿರೊಗಾಮಿ ಅಂದರೆ ಬಿಳಿ ಕಾಗದ, ಆವೊಗಾಮಿ ಅಂದರೆ ನೀಲಿ ಕಾಗದ. ನೀಲಿಯಲ್ಲಿ ಟಂಗ್‌ಸ್ಟನ್, ಕ್ರೋಮಿಯಂ ಸೇರಿಸಿರುತ್ತಾರೆ, ಅಷ್ಟೇ. ಇನ್ನು ತಮಹಗನೆ. ಕಬ್ಬಿಣದ ಮರಳು ಮತ್ತು ಇದ್ದಿಲನ್ನು ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು, ಮೂರು ರಾತ್ರಿ ಉರಿಸಿ ತೆಗೆಯುವ ಉಕ್ಕು. ಅದು ಮುಖ್ಯವಾಗಿ ಖಡ್ಗದ ಕಮ್ಮಾರರಿಗೆ. ನೀಗಾಟಾದ ಸಾಂಜೊ ಊರಿನ ಇವಾಸಾಕಿ ಮನೆತನದವರು ಅದರಲ್ಲಿ ಕ್ಷೌರದ ಕತ್ತಿ ಮಾಡಿ ಹೆಸರಾದರು. ಚೆಂದದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಪಾನಿನ ಎಷ್ಟೋ ಕ್ಷೌರದಂಗಡಿಗಳಲ್ಲಿ ದುಡಿದು ಸವೆದ ಹಳೇ ಕಮಿಸೊರಿಗಳು ಸ್ವೀಡನ್ ಉಕ್ಕಿನವು. ನನ್ನ ಕೈಗೆ ಬಂದವುಗಳಲ್ಲಿ ಒಂದೂ ಗಡ್ಡದ ಮುಂದೆ ಸೋತಿಲ್ಲ.

ಈಗ ನಾನು ಹೇಳಬೇಕಾದ ಒಂದೇ ವಿಷಯ. ಕಮ್ಮಾರ ಕೊಡುವುದು ಕತ್ತಿ. ಹರಿತ ಹುಟ್ಟುವುದು ಕಲ್ಲಿನ ಮೇಲೆ.

ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ಗಡ್ಡದ ಕೂದಲು ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ. ಅದನ್ನು ಎಳೆಯದೆ ಕತ್ತರಿಸಬೇಕಾದರೆ ಅಲಗಿನ ತುದಿ 1 ಮೈಕ್ರಾನಿಗಿಂತಲೂ ಸಣ್ಣಗಿರಬೇಕು. ಅದಕ್ಕೆ 1000 ನಂಬರಿನ ಕಲ್ಲಿನಿಂದ ಶುರು ಮಾಡಿ 5000, 8000, 12000 ಅಂತ ಮೇಲೇರಬೇಕು; ನಂಬರ್ ಹೆಚ್ಚಿದಷ್ಟೂ ಕಲ್ಲು ನುಣುಪು. ಒಂದೊಂದು ಕಲ್ಲೂ ಹಿಂದಿನ ಕಲ್ಲಿನ ಗೀರನ್ನು ಪೂರ್ತಿ ಅಳಿಸಬೇಕು. ಮೊದಲ ಕಲ್ಲಿನಲ್ಲಿ ಅಲಗಿನ ಎರಡು ಮುಖಗಳು ತುದಿಯಲ್ಲಿ ಕೂಡಿಲ್ಲ ಅಂದರೆ ಮೇಲಿನ ಕಲ್ಲುಗಳಲ್ಲಿ ದಿನವಿಡೀ ಉಜ್ಜಿದರೂ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ. ಹೊಸ ಕತ್ತಿ ಪೆಟ್ಟಿಗೆಯಿಂದ ತೆಗೆದಾಗ ಕಾಗದ ಕತ್ತರಿಸುತ್ತದೆ, ಟೊಮೆಟೊ ಕತ್ತರಿಸುತ್ತದೆ. ಕೆನ್ನೆಯ ಮಾತು ಬೇರೆ. ಕೆಲವು ಅಂಗಡಿಯವರು ಮಸೆದೇ ಕಳಿಸುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯಾರು ಮಸೆದರು, ಯಾವ ಕಲ್ಲಿನವರೆಗೆ ಹೋದರು ಅಂತ ಬಾಯಿಬಿಟ್ಟು ಕೇಳಿ. ಉತ್ತರ ತಡವರಿಸಿದರೆ ಮಸೆಯಬೇಕು ಅಂತಲೇ ಲೆಕ್ಕ.

ಮನೆಯ ಮಸೆಗಲ್ಲಿಗೆ ಉಜ್ಜಿಕೊಳ್ಳುತ್ತೇನೆ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಮಚ್ಚು ಮಸೆದು ಮಸೆದು ಆ ಕಲ್ಲಿನ ನಡು ತಗ್ಗಾಗಿರುತ್ತದೆ. ಕ್ಷೌರದ ಕತ್ತಿಗೆ ಕಲ್ಲು ಮಟ್ಟಸವಾಗಿರಬೇಕು. ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗಬೇಕು, ಬೆನ್ನು ಎತ್ತಿದರೆ ಕೆಟ್ಟಿತು. ಕಮಿಸೊರಿಗೆ ಇನ್ನೊಂದು ತಂಟೆ ಇದೆ. ಮೆತ್ತನೆ ಕಬ್ಬಿಣಕ್ಕೆ ಗಟ್ಟಿ ಉಕ್ಕು ಬೆಸೆದು ಮಾಡಿದ ಕತ್ತಿ ಅದು. ಅದರ ಎರಡು ಮುಖಗಳು ಒಂದೇ ಥರ ಇರುವುದಿಲ್ಲ. ಯಾವ ಮುಖಕ್ಕೆ ಎಷ್ಟು ಸಲ ಎಳೆಯಬೇಕು ಅನ್ನುವುದರಲ್ಲಿ ನಮ್ಮವರಲ್ಲೇ ಒಮ್ಮತವಿಲ್ಲ. ಮೊದಲನೇ ಕತ್ತಿಯ ಮೇಲೆ ಆ ಪ್ರಯೋಗ ಬೇಡ ಅನ್ನುವುದು ನನ್ನ ಸಲಹೆ.

ಒಬ್ಬ ಹುಡುಗ ಕ್ಯೋಟೋದಿಂದ ಒಂದು ತಂದಿದ್ದ. ಅಲ್ಲಿನ ತೋಜಿ ದೇವಾಲಯದಲ್ಲಿ ತಿಂಗಳ 21ಕ್ಕೆ ಸಂತೆ ಕೂಡುತ್ತದೆ, ಹಳೇ ಸಾಮಾನೆಲ್ಲ ಸಿಗುತ್ತದೆ. ಹಿಡಿಗೆ ಬೆತ್ತ ಸುತ್ತಿದ, ಒಳ್ಳೆ ಕೈಯ ಕತ್ತಿ. ತುಕ್ಕು ಕಂಡು ಹುಡುಗನಿಗೆ ತಡೆಯಲಾಗಲಿಲ್ಲ, ಗ್ರೈಂಡರಿಗೆ ಹಿಡಿದುಬಿಟ್ಟ. ನನ್ನ ಮುಂದೆ ಬಿಚ್ಚಿಟ್ಟಾಗ ಅಂಚಿನುದ್ದಕ್ಕೂ ನವಿಲಿನ ಕತ್ತಿನಂಥ ನೀಲಿ. "ಚೆನ್ನಾಗಿ ಕಾಣ್ತಿದೆ ಅಲ್ವಾ ಸಾರ್?" ಅಂತ ಕೇಳಿದ. ನೀಲಿ ಬಂತು ಅಂದರೆ 300 ಡಿಗ್ರಿ ಹತ್ತಿರ ಕಾದಿದೆ, ಉಕ್ಕಿನ ಹದ ಹೋಗಿದೆ ಅಂತ ಅರ್ಥ. ಬೈಯಬೇಕೆಂದುಕೊಂಡೆ. ಮುಖ ನೋಡಿ ಬೈಯಲಾಗಲಿಲ್ಲ. ನೀಲಿ ಇದ್ದಷ್ಟನ್ನೂ ಕೈಯಲ್ಲೇ ತೇಯ್ದು ತೆಗೆದೆ, ಎರಡು ದಿನ ಹಿಡಿಯಿತು. ಕತ್ತಿ ಅಗಲದಲ್ಲಿ ಒಂದಿಷ್ಟು ಸವೆಯಿತು, ಆದರೆ ಬದುಕಿತು.

ಹಳೇದನ್ನು ಕೊಳ್ಳುವುದು ತಪ್ಪಲ್ಲ. ನಾನಂತೂ ಹಳೇದನ್ನೇ ಕೊಳ್ಳಿ ಅನ್ನುತ್ತೇನೆ, ಸ್ವಲ್ಪ ನೋಡಿಕೊಂಡು. ಬೆನ್ನಿನ ಮೇಲಿನ ತುಕ್ಕು ಪರವಾಗಿಲ್ಲ. ಅಂಚಿಗೆ ತಾಗಿದ ಗುಳಿ ತುಕ್ಕು ಬೇಡ. ಅಂಚು ನೇರ ಇರಬೇಕು, ಇಲ್ಲವೇ ತುಸು ಹೊರಗೆ ಉಬ್ಬಿರಬೇಕು. ನಡುವೆ ಒಳಗೆ ಬಾಗಿದ್ದರೆ ಹಿಂದಿನವರು ತಪ್ಪು ಮಸೆದಿದ್ದಾರೆ ಅಂತ ಲೆಕ್ಕ. ಕಬ್ಬಿಣದ ಮುಖದಲ್ಲಿ ಉಕ್ಕಿನ ಪಟ್ಟಿ ಇನ್ನೂ ಎಷ್ಟು ಅಗಲ ಉಳಿದಿದೆ ನೋಡಿ. ಅದೇ ಕತ್ತಿಯ ಉಳಿದ ಆಯಸ್ಸು.

ಕಮಿಸೊರಿ ಇನ್ನೊಬ್ಬರ ತಲೆ ಬೋಳಿಸಲು ಹೇಳಿ ಮಾಡಿಸಿದ ಕತ್ತಿ. ಜಪಾನಿನ ಎದೊ ಕಾಲದ (1603-1868) ಗಂಡಸರು ನೆತ್ತಿಯ ಮುಂಭಾಗ ಬೋಳಿಸಿಕೊಂಡು ಜುಟ್ಟು ಬಿಡುತ್ತಿದ್ದರು. ಎದುರಿಗೆ ಕೂತವರ ನೆತ್ತಿಗೆ ಸಲೀಸು, ನಮ್ಮದೇ ಕೆನ್ನೆಗೆ ಕೈ ತಿರುಚಬೇಕು. ಅದಕ್ಕೇ ಮೊದಲ ಸಲ ಕೊಳ್ಳುವವರಿಗೆ ನಾನು ಜಪಾನಿನ ಫೆದರ್ ಕಂಪನಿಯ, ಬ್ಲೇಡ್ ಬದಲಿಸುವ, ಮಡಚದ ಕಮಿಸೊರಿ ಮಾದರಿಯದನ್ನು ತೋರಿಸುತ್ತೇನೆ. ನಾಲ್ಕು ವಾರ ಅದರಲ್ಲಿ ಕೈ ಪಳಗಲಿ. ಆಕಾರ ಒಗ್ಗದಿದ್ದರೆ ಮಡಚುವ ಕತ್ತಿ ಇದ್ದೇ ಇದೆ.

ಕ್ಷೌರಕ್ಕೆ ಮುಂಚೆ ಕತ್ತಿಯ ಅಂಚು ಸವರಿಕೊಳ್ಳುವ ಚರ್ಮದ ಪಟ್ಟಿಗೂ ದುಡ್ಡು ಎತ್ತಿಡಿ, ಆದರೆ ಮೊದಲನೇದು ಅಗ್ಗದ್ದೇ ಇರಲಿ. ಅದನ್ನು ನೀವು ಕೊಯ್ದೇ ಕೊಯ್ಯುತ್ತೀರಿ. ಪಟ್ಟಿಯ ತುದಿಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಬೇಕು, ಅಂಚಿನ ಮೇಲಲ್ಲ. ಬಳಸಿದ ಮೇಲೆ ಒರೆಸಿ ಎಣ್ಣೆ ಸವರಿ. ಜಪಾನಿನವರು ತ್ಸುಬಾಕಿ, ಅಂದರೆ ಕ್ಯಾಮೆಲಿಯಾ ಬೀಜದ ಎಣ್ಣೆ ಹಚ್ಚುತ್ತಾರೆ. ನಮಗೆ ಹೊಲಿಗೆ ಮಿಷನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಜಿಗುಟಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಕತ್ತಿಯನ್ನು ಬಚ್ಚಲಲ್ಲಿ ಇಡಲೇಬೇಡಿ. ಒಂದು ಕತ್ತಿ ಒಬ್ಬರಿಗೇ. ಅಣ್ಣತಮ್ಮಂದಿರಾದರೂ ಹಂಚಿಕೊಳ್ಳಬೇಡಿ, ರಕ್ತದಿಂದ ಹರಡುವ ಕಾಯಿಲೆಗೆ ನಂಟು ಗೊತ್ತಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ.

ಮೊದಲ ವಾರ ಬರೀ ಕೆನ್ನೆ. ಉಳಿದದ್ದಕ್ಕೆ ನಿಮ್ಮ ಹಳೇ ರೇಜರ್ ಇರಲಿ. ಗದ್ದದ ಕೆಳಗೆ ಇಳಿಯಲು ಒಂದು ತಿಂಗಳು ಬಿಡಿ.