ಥರ್ಮಾಮೀಟರ್ ಕೆಟ್ಟಿರಲಿಲ್ಲ

2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಗೆ ದೊಡ್ಡದೊಂದು ಬಲೂನು ಬಂದು ಬಿತ್ತು. ಜಲಸಂಗಿ ಅಂದರೆ ಶಿಲಾಬಾಲಿಕೆಯರ ದೇವಸ್ಥಾನಕ್ಕೆ ಹೆಸರಾದ ಊರು. ಅವತ್ತು ಮಾತ್ರ ಜನ ಗಾಬರಿಯಿಂದ ನೋಡಿದ್ದು ಆಕಾಶದಿಂದ ಇಳಿದ ಈ ಅತಿಥಿಯನ್ನು. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಹಾರಿಬಿಟ್ಟ ಬಲೂನು ಅಂತ ಆಮೇಲೆ ಗೊತ್ತಾಯಿತು. ಇಂಥ ಬಲೂನುಗಳು 30–40 ಕಿ.ಮೀ. ಎತ್ತರಕ್ಕೂ ಹೋಗುತ್ತವೆ. ಅಂದರೆ ನಮ್ಮ ಶಾಲಾ ಪುಸ್ತಕಗಳು ಸಮೋಷ್ಣ ಮಂಡಲ ಅನ್ನುವ ಸ್ಟ್ರಾಟೋಸ್ಫಿಯರ್‌ಗೆ.

ಅಂಥದ್ದೊಂದು ಪದರ ಇದೆ ಅಂತ ಗೊತ್ತಾಗಿದ್ದೂ ಬಲೂನಿನಿಂದಲೇ. ಅದಕ್ಕೂ ಮೊದಲು ಎಲ್ಲರ ಲೆಕ್ಕ ಸರಳವಾಗಿತ್ತು. ಮೇಲೆ ಹೋದಷ್ಟೂ ಚಳಿ, ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ. ಹೀಗೇ ಇಳಿಯುತ್ತಾ ಹೋಗುತ್ತದೆ, ಅಷ್ಟೇ. ಸ್ವತಃ ಹೋಗಿ ನೋಡೋಣ ಅಂದರೆ ಜೀವಕ್ಕೇ ಸಂಚಕಾರ. 1862ರಲ್ಲಿ ಇಂಗ್ಲೆಂಡಿನ ಜೇಮ್ಸ್ ಗ್ಲೇಷರ್ ಬಲೂನಿನಲ್ಲೇ ಪ್ರಜ್ಞೆ ತಪ್ಪಿದ್ದರು. ಜೊತೆಗಿದ್ದ ಹೆನ್ರಿ ಕಾಕ್ಸ್‌ವೆಲ್ ಅವರ ಕೈಗಳು ಮರಗಟ್ಟಿದ್ದವು. ಅನಿಲ ಬಿಡುವ ಹಗ್ಗವನ್ನು ಅವರು ಹಲ್ಲಿನಿಂದ ಎಳೆದು ಇಬ್ಬರನ್ನೂ ಉಳಿಸಿದರು.

ಪ್ಯಾರಿಸ್ ಹತ್ತಿರದ ಟ್ರಾಪ್‌ನಲ್ಲಿ ಲಿಯೋನ್ ಟೆಸ್ರಾಂಕ್ ದ ಬೋರ್ ಎಂಬ ಹವಾಮಾನ ತಜ್ಞ ಮನುಷ್ಯರ ಬದಲು ಯಂತ್ರಗಳನ್ನು ಕಳಿಸಿದರು. ವಾರ್ನಿಷ್ ಬಳಿದ ಕಾಗದದ ಬಲೂನು, ಅದರ ಕೆಳಗೆ ತಾನೇ ಅಂಕಿ ಬರೆದುಕೊಳ್ಳುವ ಥರ್ಮಾಮೀಟರ್. ಸುಮಾರು 11 ಕಿ.ಮೀ. ದಾಟಿದ ಮೇಲೆ ಇಳಿಯುವ ಗೆರೆ ನಿಂತೇ ಬಿಟ್ಟಿತು. ಮೈನಸ್ ಐವತ್ತರ ಆಸುಪಾಸಿನಲ್ಲಿ ನೆಟ್ಟಗೆ.

ಯಂತ್ರವೇ ಕೆಟ್ಟಿದೆ, ಬಿಸಿಲು ತಾಗಿ ಸುಳ್ಳು ಹೇಳುತ್ತಿದೆ ಅನ್ನುವುದೇ ಮೊದಲ ಅನುಮಾನ. ಹಾಗಾಗಿ ಅವರು ರಾತ್ರಿ ಹೊತ್ತು ಬಲೂನು ಬಿಟ್ಟರು. ಗೆರೆ ಆಗಲೂ ನಿಂತಿತು. 236 ಬಲೂನುಗಳ ಲೆಕ್ಕ ಕೈಗೆ ಬಂದ ಮೇಲೆಯೇ, 1902ರ ಏಪ್ರಿಲ್‌ನಲ್ಲಿ, ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ವಿಷಯ ತಿಳಿಸಿದರು. ಕೆಲವೇ ದಿನಗಳಲ್ಲಿ ಬರ್ಲಿನ್‌ನ ರಿಚರ್ಡ್ ಆಸ್‌ಮನ್ ರಬ್ಬರ್ ಬಲೂನು ಬಿಟ್ಟು ಅದನ್ನೇ ಕಂಡಿದ್ದಾಗಿ ಹೇಳಿದರು. 'ಸಮೋಷ್ಣ' ಅನ್ನುವ ನಮ್ಮ ಹೆಸರಿಗೂ ಆ ನಿಂತ ಗೆರೆ ಸರಿಯಾಗಿ ಹೊಂದುತ್ತದೆ, ಅಲ್ವಾ? ನಿಜದಲ್ಲಿ ಇನ್ನೂ ಮೇಲೆ ಹೋದರೆ ಅಲ್ಲಿ ಬಿಸಿ ಏರುತ್ತದೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಬಿಸಿ ಏರಲು ಕಾರಣ ಓಝೋನ್. ಸೂರ್ಯನ ನೇರಳಾತೀತ ಕಿರಣಗಳನ್ನು ಅದು ಹೀರಿಕೊಂಡು ಬಿಸಿಯಾಗುತ್ತದೆ. ಅಲ್ಲಿರುವ ಓಝೋನನ್ನೆಲ್ಲ ಸಮುದ್ರಮಟ್ಟಕ್ಕೆ ತಂದು ಹಾಸಿದರೆ ದಪ್ಪ ಬರೀ 3 ಮಿ.ಮೀ. ಇಷ್ಟರಿಂದಲೇ ಆಕಾಶಕ್ಕೊಂದು ಮುಚ್ಚಳ ಬಿದ್ದಿದೆ. ಬಿಸಿಗಾಳಿ ಮೇಲೇರುವುದು ಸುತ್ತಲಿನ ಗಾಳಿಗಿಂತ ಹಗುರ ಇರುವವರೆಗೆ ಮಾತ್ರ. ಮೇಲೆ ಇನ್ನೂ ಬೆಚ್ಚಗಿನ ಗಾಳಿ ಸಿಕ್ಕರೆ ಅಲ್ಲೇ ನಿಲ್ಲಬೇಕು. ಯುಗಾದಿ ಕಳೆದ ಮೇಲೆ ಸಂಜೆ ಗುಡುಗುವ ಮೋಡವನ್ನು ದೂರದಿಂದ ನೋಡಿ. ಬುಡದಿಂದ ಹೂಕೋಸಿನ ಹಾಗೆ ಉಬ್ಬುತ್ತಾ ಬಂದದ್ದು ತುದಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿರುತ್ತದೆ. ಮುಚ್ಚಳಕ್ಕೆ ತಲೆ ತಾಗಿದ ಗುರುತು ಅದು. ನಮ್ಮ ಕಡೆ ಇದು 16–17 ಕಿ.ಮೀ. ಎತ್ತರದಲ್ಲಿದೆ, ಪ್ಯಾರಿಸ್‌ಗಿಂತ ಜಾಸ್ತಿ. ನೀರಾವಿಯೆಲ್ಲ ಹೆಚ್ಚುಕಡಿಮೆ ಇದರ ಕೆಳಗೇ ಉಳಿಯುವುದರಿಂದ ಮಳೆಯೂ ಇಲ್ಲೇ. ಮೇಲೆ ಮಳೆಯಿಲ್ಲ, ತೊಳೆಯುವವರಿಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಅಲ್ಲಿಗೆ ಎಸೆದ ಗಂಧಕದ ಮಬ್ಬು ವರ್ಷಗಟ್ಟಲೆ ತೇಲಿ, ಭೂಮಿಯನ್ನೇ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿಸಿತು.

ಇನ್ನೂ ಮೇಲಿನ ಪದರಗಳದ್ದು ಬೇರೆಯೇ ಕಥೆ. ಉಲ್ಕೆಗಳು ಹೆಚ್ಚಾಗಿ ಉರಿದುಹೋಗುವುದು ಮಧ್ಯಂತರ ಮಂಡಲದಲ್ಲಿ. ಅದರಾಚೆಯ ವಿದ್ಯುತ್ಕಣಗಳ ಪದರ ಶಾರ್ಟ್‌ವೇವ್ ರೇಡಿಯೋವನ್ನು ದೇಶದಿಂದ ದೇಶಕ್ಕೆ ಪುಟಿಸುತ್ತದೆ.

ಯಂತ್ರದ ಮೇಲಿನ ಅನುಮಾನ ಮತ್ತೆ ಬಂದಿದ್ದು ಅಂಟಾರ್ಕ್ಟಿಕಾದಲ್ಲಿ. ಹ್ಯಾಲಿ ಬೇಯಲ್ಲಿ ಬ್ರಿಟಿಷರು 1950ರ ದಶಕದಿಂದ ಓಝೋನ್ ಅಳೆಯುತ್ತಿದ್ದರು. 1980ರ ದಶಕದ ಶುರುವಿನಲ್ಲಿ ಅಕ್ಟೋಬರ್ ತಿಂಗಳ ಅಂಕಿಗಳು ಕುಸಿಯತೊಡಗಿದವು. ಹಳೆಯ ಉಪಕರಣದ ದೋಷ ಇರಬೇಕು ಅಂತ ಜೋ ಫಾರ್ಮನ್ ತಂಡ ಹೊಸದನ್ನು ತರಿಸಿತು. ಅದೂ ಅದನ್ನೇ ಹೇಳಿತು. 1985ರಲ್ಲಿ ವರದಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಬಂತು. ಓಝೋನನ್ನು ನಾಶಮಾಡುತ್ತಿದ್ದ, ಫ್ರಿಜ್ಜು, ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ಅನಿಲಗಳಿಗೆ ಕಡಿವಾಣ ಬಿತ್ತು. ಜಗತ್ತು ಇಷ್ಟು ಬೇಗ ಒಂದು ಮಾತಿಗೆ ಬಂದದ್ದು ಅಪರೂಪವೇ.

ಈಗ ಅದೇ ಪದರದಿಂದ ಇನ್ನೊಂದು ಸುದ್ದಿ. ಕೆಳಗಿನ ಗಾಳಿ ಬಿಸಿಯಾಗುತ್ತಿದೆ, ಮೇಲಿನದು ತಣ್ಣಗಾಗುತ್ತಿದೆ. ಓಝೋನ್ ನಷ್ಟವೂ ಇದಕ್ಕೊಂದು ಕಾರಣ, ಇಂಗಾಲದ ಡೈಆಕ್ಸೈಡ್ ಇನ್ನೊಂದು. ಡೈಆಕ್ಸೈಡ್ ಹೆಚ್ಚಿದರೆ ಹೀಗಾಗುತ್ತದೆ ಅಂತ ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. "ಸೂರ್ಯನೇ ಜಾಸ್ತಿ ಉರಿಯುತ್ತಿದ್ದಾನೆ, ನಾವೇನು ಮಾಡೋಕಾಗುತ್ತೆ" ಅನ್ನುವವರಿಗೆ ಉತ್ತರ ಇಲ್ಲಿದೆ. ಹಾಗಿದ್ದರೆ ಮೇಲಿನ ಪದರವೂ ಬೆಚ್ಚಗಾಗಬೇಕಿತ್ತು.

ಬೆಂಗಳೂರು, ಮಂಗಳೂರಿನ ಹವಾಮಾನ ಕೇಂದ್ರಗಳಿಂದ ಈಗಲೂ ರಬ್ಬರ್ ಬಲೂನುಗಳು ಹಾರುತ್ತವೆ. ಥರ್ಮಾಮೀಟರ್ ಹೊತ್ತು ಏರುತ್ತವೆ, ಮೇಲೆಲ್ಲೋ ಒಡೆಯುತ್ತವೆ. ಹದಿನೇಳು ಕಿ.ಮೀ. ಹತ್ತಿರ, ಮೈನಸ್ ಎಂಬತ್ತರ ಆಸುಪಾಸಿಗೆ ಬಂದ ಅಂಕಿ ಇಳಿಯುವುದನ್ನು ಬಿಟ್ಟು ಏರತೊಡಗುತ್ತದೆ. ಈಗ ಯಾರೂ ಯಂತ್ರವನ್ನು ಬೈಯುವುದಿಲ್ಲ.