ಕೊನೆಯ ಪಂಕ್ತಿಯ ಸೂಕ್ಷ್ಮಾಣು

ಬೆಂಗಳೂರಿನ ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಸಣ್ಣ ಪ್ಲೇಟಿಂಗ್ ಘಟಕವೊಂದರ ಮಾಲೀಕರು ಕೇಳಿದರು: ‘ಸಾರ್, ಬೋರ್‌ವೆಲ್‌ಗೆ ಬೆಲ್ಲದ ನೀರು ಬಿಟ್ಟರೆ ಕೆಮಿಕಲ್ ಎಲ್ಲ ಹೋಗುತ್ತಂತೆ, ನಿಜವಾ?’ ಅರ್ಧ ನಿಜ ಅಂದೆ. ನನಗೆ ಭಯವಿರುವುದು ಆ ಅರ್ಧದ ಬಗ್ಗೆಯೇ.

ಅವರು ಹೇಳಿದ ಕೆಮಿಕಲ್ ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ (ಟಿಸಿಇ). ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೆಲಕ್ಕೆ ಚೆಲ್ಲಿದ್ದು ಎಣ್ಣೆಯಂತೆ ಅಂತರ್ಜಲದ ಮೇಲೆ ತೇಲದೆ, ಅದನ್ನೂ ದಾಟಿ ನಮ್ಮೂರ ನೆಲದಡಿಯ ‘ನೈಸ್’ ಎಂಬ ಗಟ್ಟಿ ಬಂಡೆಯ ಬಿರುಕುಗಳಿಗೆ ಇಳಿದು ಕೂರುತ್ತದೆ. ಕುಡಿಯುವ ನೀರಿಗೆ ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದು ಟೀ ಚಮಚ ಟಿಸಿಇ, 12,000 ಲೀಟರಿನ ನೂರಿಪ್ಪತ್ತು ಟ್ಯಾಂಕರ್ ನೀರನ್ನು ಕೆಡಿಸಬಲ್ಲದು.

ಇದನ್ನು ಪೂರ್ತಿ ಮುರಿಯುವ ಡೀಹ್ಯಾಲೊಕಾಕಾಯ್ಡಿಸ್ ಎಂಬ ಸೂಕ್ಷ್ಮಾಣುವಿನ ಬಗ್ಗೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ವರದಿ ಮಾಡಿತು. ಅದು ಬಂದದ್ದು ಕೊಳಚೆ ನೀರಿನ ಕೆಸರಿನಿಂದ. ನಾವು ಆಮ್ಲಜನಕ ಉಸಿರಾಡಿದಂತೆ ಅದು ಟಿಸಿಇಯನ್ನು ‘ಉಸಿರಾಡಿ’, ಮೂರು ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಕಳಚುತ್ತದೆ. ಮೂರೂ ಕಳಚಿದರೆ ಉಳಿಯುವುದು ಎಥಿಲೀನ್, ಬಾಳೆಹಣ್ಣು ಮಾಗುವಾಗ ಹೊಮ್ಮುವ ಅದೇ ಅನಿಲ. ಎರಡೇ ಕಳಚಿ ನಿಂತರೆ ವಿನೈಲ್ ಕ್ಲೋರೈಡ್: ಕ್ಯಾನ್ಸರ್‌ಕಾರಕವೆಂದು ಖಚಿತವಾದ ವಸ್ತು, ಮಿತಿ ಬರೀ 2 ಮೈಕ್ರೋಗ್ರಾಂ. ಟಿಸಿಇ ಕಡಿಮೆಯಾಯಿತು ಎಂಬ ವರದಿ ಹಿಡಿದು ಸಂಭ್ರಮಿಸುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ಯಾಕೆ ನಡುವೆ ನಿಲ್ಲುತ್ತದೆ? ಬೆಲ್ಲ ಹುಳಿತಾಗ ಬರುವ ಜಲಜನಕವೇ ಈ ಜೀವಿಯ ಆಹಾರ. ಆದರೆ ಅದಕ್ಕೆ ಎಲೆ ಹಾಕುವುದು ಕೊನೆಯ ಪಂಕ್ತಿಯಲ್ಲಿ. ಆಮ್ಲಜನಕ, ನೈಟ್ರೇಟ್, ಸಲ್ಫೇಟ್ ಬಳಸುವ ಸೂಕ್ಷ್ಮಾಣುಗಳು ಮೊದಲು ಉಂಡು ಏಳುತ್ತವೆ. ಕೊಳಚೆ ಇಂಗುವ ಬೆಂಗಳೂರಿನ ನೆಲದಲ್ಲಿ ನೈಟ್ರೇಟಿಗೇನು ಬರ! ಹಾಗಂತ ಬೆಲ್ಲ ಹೆಚ್ಚು ಸುರಿದರೆ ನೀರು ಹುಳಿಯಾಗಿ, ಪಿಎಚ್ 6ಕ್ಕಿಂತ ಕೆಳಗಿಳಿದು ಕೆಲಸವೇ ನಿಲ್ಲಬಹುದು. ಜತೆಗೆ, ಕೊನೆಯ ಕ್ಲೋರಿನ್ ಕಳಚುವ ಜೀನ್ ಆ ಕುಲದ ಎಲ್ಲ ತಳಿಗಳಲ್ಲೂ ಇಲ್ಲ.

ಹಾಗಾಗಿ ಮೊದಲು ನೈಟ್ರೇಟ್, ಸಲ್ಫೇಟ್, ಪಿಎಚ್ ನೋಡುತ್ತೇನೆ, ಆ ಜೀನ್ ಇದೆಯೇ ಎಂದು ಪರೀಕ್ಷಿಸುತ್ತೇನೆ. ಬಿರುಕು ಯಾವ ಮನೆಯ ಬೋರ್‌ವೆಲ್ ಕಡೆ ಹೋಗುತ್ತದೆಂದು ಬಣ್ಣ ಬಿಟ್ಟು ತಿಳಿಯದೆ ಏನನ್ನೂ ಒಳಗೆ ಬಿಡುವುದಿಲ್ಲ. ಆಮೇಲೆ ಬೆಲ್ಲದ ಬದಲು ಲ್ಯಾಕ್ಟೇಟ್ (ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲದ ಲವಣ) ಅಥವಾ ನೀರಿನೊಡನೆ ಕಡೆದ ಅಡುಗೆ ಎಣ್ಣೆಯನ್ನು ಅಳೆದು ಕೊಡುತ್ತೇನೆ. ತಿಂಗಳು ತಿಂಗಳೂ ವಿನೈಲ್ ಕ್ಲೋರೈಡ್, ಎಥಿಲೀನ್ ಎರಡನ್ನೂ ಅಳೆಸುತ್ತೇನೆ.

ಮಾಲೀಕರಿಗೆ ಇದನ್ನೆಲ್ಲ ಹೇಳಿ, ಜಿಡ್ಡು ತೆಗೆಯುವ ತೊಟ್ಟಿ ಪಕ್ಕಕ್ಕೆ ಸರಿಸಲು ಕೇಳಿದೆ. ಕೆಳಗಿನ ಕಾಂಕ್ರೀಟ್ ಸೀಳು ಬಿಟ್ಟಿತ್ತು. ಅವತ್ತು ನಾವು ಅದನ್ನಷ್ಟೇ ಮುಚ್ಚಿದೆವು.