ಎರೆ ಮಣ್ಣಿನ ಹುಲ್ಲುಹಾಸಿಗೆ ನೀರು ಕೊಡುವ ಬಗೆ

ವಿಜಯಪುರದ ನಮ್ಮ ಮನೆ ಮುಂದೆ ಹತ್ತಡಿ ಉದ್ದ, ಹತ್ತಡಿ ಅಗಲದ ಹುಲ್ಲುಹಾಸಿದೆ. ಮೊದಲು ದಿನಾ ಸಂಜೆ ಹತ್ತು ನಿಮಿಷ ಪೈಪು ಹಿಡಿದು ನೀರು ಹಾಕುತ್ತಿದ್ದೆ. ಒಂದು ಮಾರ್ಚ್‌ನಲ್ಲಿ ನಾಲ್ಕು ದಿನ ಹಳ್ಳಿಗೆ ಹೋಗಿ ಬಂದರೆ ಎಲ್ಲ ಹಳದಿಯಾಗಿತ್ತು. ಜೊತೆಗೆ ಬಂದಿದ್ದ ಕಾಕಾ ಖುರ್ಪಿ ಹಾಕಿ ಒಂದು ಹೆಂಟೆ ಎಬ್ಬಿಸಿ ತೋರಿಸಿದರು. ಬೇರು ಎರಡು ಇಂಚೂ ಇಳಿದಿರಲಿಲ್ಲ. "ದಿನಾ ಮ್ಯಾಲ ನೀರು ಸಿಗತೈತಿ ಅಂದಮ್ಯಾಲ ಬೇರು ಕೆಳಗ ಯಾಕ ಇಳೀತಾವ?" ಅಂದರು.

ಕಾಕಾ ಹಿಂಗಾರಿ ಜೋಳ ಬೆಳೆಯುವವರು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಬಿಳಿಜೋಳ ಆಮೇಲೆ ಹೆಚ್ಚು ಮಳೆ ಕಾಣದೆಯೂ ತೆನೆಗೆ ಬರುತ್ತದೆ. ಮಳೆಗಾಲದಲ್ಲಿ ಎರೆ ಹೊಲ ಕುಡಿದ ನೀರು ಆಳದಲ್ಲಿ ಉಳಿದಿರುತ್ತದೆ. ಮೇಲೆ ಒಣಗುತ್ತ ಬಂದಂತೆ ಬೇರು ಹಸಿಯ ಬೆನ್ನು ಹತ್ತಿ ಇಳಿಯುತ್ತದೆ. ಹುಲ್ಲುಹಾಸಿಗೂ ಇದೇ ಪಾಠ. ಅಂಗಳದಲ್ಲಿ ನಾವು ಬೆಳೆಸುವುದು ಹೆಚ್ಚಾಗಿ ಗರಿಕೆಯ ಜಾತಿಯನ್ನೇ. ಗಣಪತಿಗೆ ಏರಿಸುವ, ಹೊಲಕ್ಕೆ ಹೊಕ್ಕರೆ ಅಗೆದು ಅಗೆದು ರೈತರು ಸೋಲುವ ಕರಿಕೆ ಅದು. ಅವಕಾಶ ಸಿಕ್ಕರೆ ಅದರ ಬೇರು ಒಂದು ಮೀಟರಿಗಿಂತ ಆಳಕ್ಕೂ ಹೋಗುತ್ತದೆ.

ಹಾಗಂತ ಒಮ್ಮೆಲೇ ಪೈಪು ಬಿಟ್ಟು ಕೂತರೆ ಆಗುವುದಿಲ್ಲ. ಎರೆ ಮಣ್ಣಿನ ಸ್ವಭಾವ ಬೇರೆ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಜಾಸ್ತಿ. ಇದರ ಕಣಗಳು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಇರುತ್ತವೆ. ಹಾಳೆಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ನೀರು ಹೋದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ದೊಡ್ಡ ಬಿರುಕು ನೋಡಿದ್ದೀರಿ ಅಲ್ವಾ? ಒಣಗಿದ ಅಂಗಳಕ್ಕೆ ಜೋರಾಗಿ ನೀರು ಬಿಟ್ಟರೆ ಮೊದಲು ಅದು ಬಿರುಕಿನಲ್ಲಿ ಜಾರಿ ಹೋಗುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಆಗ ನೀರು ಇಂಗುವುದು ಬಹಳ ನಿಧಾನ, ಉಳಿದದ್ದು ಗಟಾರಕ್ಕೆ. ಅದಕ್ಕೇ ಸ್ವಲ್ಪ ಹಾಕಿ, ಅರ್ಧ ಗಂಟೆ ಬಿಟ್ಟು, ಮತ್ತೆ ಹಾಕಬೇಕು. ಬಿರುಕುಗಳಿಗೆ ಜರಡಿ ಹಿಡಿದ ಕಾಂಪೋಸ್ಟ್ ತುಂಬಿದರೆ ಇನ್ನೂ ಒಳ್ಳೆಯದು.

ಎಷ್ಟು ನೀರು ಸಾಕು? ಒಂದು ಚದರ ಮೀಟರಿಗೆ ಒಂದು ಲೀಟರ್ ಹಾಕಿದರೆ 1 ಮಿಲಿಮೀಟರ್ ಮಳೆ ಬಿದ್ದ ಲೆಕ್ಕ. ಬಿಸಿಲು ಕಾಲದಲ್ಲಿ ವಾರಕ್ಕೆ 25 ಮಿಲಿಮೀಟರ್ ಅಂದುಕೊಂಡರೆ ನಮ್ಮ ಹತ್ತಡಿಯ ಚೌಕಕ್ಕೆ ಸುಮಾರು 230 ಲೀಟರ್, ಅಂದರೆ 15 ಲೀಟರಿನ ಹದಿನೈದು ಬಕೆಟ್. ಇದನ್ನು ವಾರದಲ್ಲಿ ಎರಡು ಸಲ ಕೊಟ್ಟರಾಯಿತು. ಆದರೆ ಕ್ಯಾಲೆಂಡರಿಗಿಂತ ಹುಲ್ಲನ್ನೇ ನಂಬುವುದು ಮೇಲು. ನೀರು ಬೇಕಾದಾಗ ಎಲೆ ಮಡಚಿಕೊಳ್ಳುತ್ತದೆ, ಹಸಿರು ಬೂದಿ ಬಣ್ಣಕ್ಕೆ ತಿರುಗುತ್ತದೆ. ತುಳಿದ ಹೆಜ್ಜೆ ಹಾಗೇ ಉಳಿಯುತ್ತದೆ. ನೀರು ಹಾಕಿದ ಮರುದಿನ ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಎಲ್ಲಿಯವರೆಗೆ ಸಲೀಸಾಗಿ ಇಳಿಯುತ್ತದೋ ಅಲ್ಲಿಯವರೆಗೆ ನೀರು ಹೋಗಿದೆ. ಆರು ಇಂಚು ಇಳಿದರೆ ಸರಿ.

ಹೊತ್ತು ಮಾತ್ರ ಬೆಳಗಿನದೇ ಇರಲಿ. ಸಂಜೆ ಹಾಕಿದರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ.

ಕತ್ತರಿಸುವಾಗ ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬೇರಿಗೆ ಊಟ ಬರುವುದು ಎಲೆಯಿಂದ. ನುಣ್ಣಗೆ ಬೋಳಿಸಿದರೆ ಬೇರು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಕತ್ತರಿಸಿದ ಚೂರುಗಳನ್ನು ಅಲ್ಲೇ ಬಿಡಿ. ಅವು ಕೊಳೆತು ಸಾರಜನಕ ಮಣ್ಣಿಗೇ ಮರಳುತ್ತದೆ.

ಇನ್ನು ಏಪ್ರಿಲ್, ಮೇ. ಬಿಸಿಲು 40 ಡಿಗ್ರಿ ದಾಟುತ್ತದೆ, ಓಣಿಯಲ್ಲಿ ಜನ ಕೊಡ ಹಿಡಿದು ನಲ್ಲಿಗೆ ಕಾಯುತ್ತಾರೆ. ಆಗ ಹುಲ್ಲು ಕಂದಾಗಲು ಬಿಟ್ಟುಬಿಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗರಿಕೆ ಅಷ್ಟಕ್ಕೆಲ್ಲ ಸಾಯುವುದಿಲ್ಲ. ಮೇಲಿನ ಎಲೆ ಒಣಗಿದರೂ ಮಣ್ಣಿನೊಳಗೆ ಹರಡಿದ ಕಾಂಡ ಜೀವ ಹಿಡಿದುಕೊಂಡಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಕೊಂಚ ನೀರು ಸಿಕ್ಕರೂ ಅದಕ್ಕೆ ಸಾಕು. ತರಕಾರಿ ತೊಳೆದ ನೀರಾದರೂ ಆದೀತು.

ಹೋದ ವರ್ಷ ನಾನು ಹಾಗೇ ಮಾಡಿದೆ. ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಗೆಣ್ಣು ಗೆಣ್ಣಿನಲ್ಲೂ ಚಿಗುರು ಬಂತು. ದೀಪಾವಳಿಗೆ ಬಂದ ಕಾಕಾ ಅದೇ ಜಾಗದಲ್ಲಿ ಮತ್ತೆ ಖುರ್ಪಿ ಹಾಕಿದರು. ಬೇರು ಒಂದು ಗೇಣು ಇಳಿದಿತ್ತು.